ತ್ರಿಕೋಣ ರೆಕ್ಕೆಯ ವಿಮಾನಗಳು: ಸಾಮ್ಯವೂ ಭೇದವೂ

ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬುದು ಹಿರಿಯರ ಮಾತು. ಯುದ್ಧವಿಮಾನಗಳ ವಿಷಯದಲ್ಲಿ ಈ ಮಾತನ್ನು ಮರೆತವರು ಘೋರವಾದ ಬೆಲೆಯನ್ನು ತೆತ್ತಿರುವರು. 1994ನೆಯ ಇಸವಿ ಏಪ್ರಿಲ್ 14ರಂದು ಇರಾಕಿನ ಉತ್ತರಭಾಗದಲ್ಲಿ ಅಮೆರಿಕದ ಎರಡು ಯುದ್ಧವಿಮಾನಗಳು ತಮ್ಮ ದೇಶದವೇ ಆದ ಎರಡು ಹೆಲಿಕಾಪ್ಟರುಗಳನ್ನು, ಕಣ್ಣಾರೆ ಕಂಡ ಮೇಲೆಯೂ ಶತ್ರುಗಳವೆಂದು ಬಗೆದು, ಹೊಡೆದುರುಳಿಸಿದವು. 26 ಮಂದಿ ಮಡಿದರು. ಹೆಲಿಕಾಪ್ಟರುಗಳ ಇಕ್ಕೆಲಗಳಲ್ಲಿ ಕಟ್ಟಿದ್ದ ಇಂಧನದ ತೊಟ್ಟಿಗಳು ಅವಕ್ಕೆ ರಷ್ಯಾದ ಹೆಲಿಕಾಪ್ಟರಿನ ಆಕಾರವನ್ನು ತಂದುಕೊಟ್ಟುದೂ ಈ ಭ್ರಾಂತಿಗೆ ಒಂದು ಕಾರಣವಾಯಿತು. ತೊಡಿಸಿದುದನ್ನು ಬಿಟ್ಟು ಮೈಕಟ್ಟನ್ನು ನೋಡಬೇಕೆಂಬುದೇ ಇದರಿಂದ ಕಲಿಯತಕ್ಕ ಪಾಠ.

ಈ ಪಾಠವು ನಮಗೂ ಅವಶ್ಯವಾಗಿದೆ. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್, ಫ್ರಾನ್ಸಿನಿಂದ 1985ರಲ್ಲಿ ನಮ್ಮ ವಾಯುಸೇನೆಗೆ ಬಂದ ಮಿರಾಜ್-2000, ಅದೇ ದೇಶದಿಂದ 2020ರಲ್ಲಿ ಬಂದ ರಫೇಲ್, ಈ ಮೂರೂ ತ್ರಿಕೋಣಾಕಾರದ ರೆಕ್ಕೆಯುಳ್ಳವು. ಒಂದಕ್ಕೂ ಬಾಲದ ಬಳಿ ಅಡ್ಡರೆಕ್ಕೆಯಿಲ್ಲ. ಇಷ್ಟನ್ನೇ ನೋಡಿ, ತೇಜಸ್ಸು ಮಿರಾಜಿನ ನಕಲೆಂದು ಹಗುರವಾಗಿ ಆಡುವವರುಂಟು. ಅಂಥವರು ಕೆಳಗಿನ ಲಕ್ಷಣಗಳನ್ನು ಪರಿಶೀಲಿಸಲಿ.

ರಫೇಲಿನ ಗುರುತು ಸುಲಭ. ಮುಖ್ಯ ರೆಕ್ಕೆಗಿಂತ ಮುಂದೆ ಎರಡು ಕಿರುರೆಕ್ಕೆಗಳಿವೆ. ಹಿಂಭಾಗದಲ್ಲಿ ಎರಡು ಎಂಜಿನುಗಳು ಕಾಣುತ್ತವೆ. ಉಳಿದೆರಡಕ್ಕೂ ಎಂಜಿನು ಒಂದೊಂದೇ. ಮಿರಾಜಿನ ರೆಕ್ಕೆಯು ಒಡಲಿನ ಕೆಳಭಾಗಕ್ಕೆ ಸೇರಿರುವುದು. ಅದರ ಮುಂದಿನ ಅಂಚು ಗೆರೆ ಎಳೆದಂತೆ ನೇರ. ತೇಜಸ್ಸಿನ ರೆಕ್ಕೆಯಾದರೋ ಒಡಲಿನ ಮೇಲ್ಭಾಗದಲ್ಲಿದೆ. ಅದರ ಅಂಚು ಬುಡದಲ್ಲಿ ಕಡಿಮೆ ಓರೆಯಾಗಿದ್ದು, ಮುಂದೆ ಮುರಿದು ಹೆಚ್ಚು ಓರೆಯಾಗುವುದು. ಎಂಜಿನಿಗೆ ಗಾಳಿಯನ್ನೊಯ್ಯುವ ಬಾಯಿಗಳನ್ನೂ ನೋಡಬೇಕು. ಮಿರಾಜಿನ ಬಾಯಿಯಲ್ಲಿ ಅರ್ಧಶಂಕುವಿನಂಥ ಚಾಚು ಉಂಟು. ಶಬ್ದದ ವೇಗದ ಇಮ್ಮಡಿಯನ್ನು ಮೀರಬಲ್ಲ ಆ ವಿಮಾನದಲ್ಲಿ ಒಳನುಗ್ಗುವ ಗಾಳಿಯನ್ನು ಹದಕ್ಕೆ ತರಲು, ಇದು ಹಿಂದೆ ಮುಂದೆ ಸರಿಯುವುದು. ಅಷ್ಟು ವೇಗವನ್ನು ಬಯಸದ ತೇಜಸ್ಸಿಗೆ ಇದು ಬೇಕಿಲ್ಲ; ಅದರ ಬಾಯಿಗಳು ರೆಕ್ಕೆಯ ನೆರಳಿನಲ್ಲಿ ಅಡಗಿವೆ. ಉದ್ದದಲ್ಲಿಯೂ ತೇಜಸ್ಸು ಸುಮಾರು 13.2 ಮೀಟರು, ಮಿರಾಜು ಸುಮಾರು 14.4 ಮೀಟರು.

1987ರಲ್ಲಿ ತೇಜಸ್ಸಿನ ರೂಪರೇಷೆಯನ್ನು ನಿರ್ಣಯಿಸಲು ತೊಡಗಿದಾಗ ಫ್ರಾನ್ಸಿನ ದಸ್ಸೋ ಸಂಸ್ಥೆಯ ಸಲಹೆಯನ್ನು ಪಡೆದುದು ನಿಜ. ಆದರೆ ಸಲಹೆ ಬೇರೆ, ನಕಲು ಬೇರೆ. 1998ರ ಪೋಖ್ರಾನ್ ಪರೀಕ್ಷೆಯ ತರುವಾಯ ಅಮೆರಿಕವು ತನ್ನ ಸಹಾಯವನ್ನು ಹಿಂತೆಗೆದುಕೊಂಡಾಗ, ಹಾರಾಟದ ನಿಯಂತ್ರಣವ್ಯವಸ್ಥೆಯನ್ನು ನಮ್ಮ ಎಂಜಿನಿಯರುಗಳೇ ಪೂರೈಸಿದರು. 2001ನೆಯ ಜನವರಿ 4ರಂದು ವಿಮಾನವು ಬೆಂಗಳೂರಿನಲ್ಲಿ ಮೊದಲ ಬಾರಿಗೆ ಮೇಲೇರಿತು.

ಹೊರಗಿನಿಂದ ಕಾಣದ ಒಂದು ಸಂಗತಿಯನ್ನೂ ಮರೆಮಾಚಲಾಗದು. ಮಿರಾಜು ಹಾರುವುದು ಅದನ್ನು ನಿರ್ಮಿಸಿದ ದೇಶದ ಎಂಜಿನಿನಿಂದ. ತೇಜಸ್ಸು ಹಾರುವುದು ಅಮೆರಿಕದ ಎಂಜಿನಿನಿಂದ. ನಮ್ಮ ಕಾವೇರಿ ಎಂಜಿನು ಅದಕ್ಕೆ ಒದಗಿಬರಲಿಲ್ಲ. ನಕಲೆಂಬ ಅಪವಾದಕ್ಕೆ ರೆಕ್ಕೆಯೇ ಉತ್ತರ ಹೇಳಿದೆ. ಈ ಕೊರತೆಗೆ ಉತ್ತರವನ್ನು ಸರ್ಕಾರವೂ ಕಾರ್ಖಾನೆಗಳೂ ಹೇಳಬೇಕಾಗಿದೆ.