ನೀಲಿಕಲ್ಲಿಗೆ ಬಂಡೆಯ ನಂಟು, ಜೀವಕೋಶಕ್ಕೆ ಪ್ರೋಟೀನ್ ಅಂಟು

ಬೆಳಂಬಾರ (ಅಂಕೋಲಾ): ಅಲೆಗಳು ಹಗಲಿರುಳೂ ಅಪ್ಪಳಿಸುವ ಬಂಡೆಯ ಮೇಲೆ ನೀಲಿಕಲ್ಲು ಕದಲದೆ ಕುಳಿತಿರುತ್ತದೆ. ಸಮುದ್ರ ಇಳಿದ ಹೊತ್ತಿನಲ್ಲಿ ಅದನ್ನು ಕೀಳಹೊರಟವರಿಗೆ ಬರಿಗೈ ಸಾಲದು, ಹರಿತವಾದ ಉಪಕರಣವೇ ಬೇಕು. ಅಂಕೋಲಾ, ಕಾರವಾರ ಕರಾವಳಿಯ ಅಡುಗೆಮನೆಗಳಿಗೆ ಚಿರಪರಿಚಿತವಾದ ಈ ಚಿಪ್ಪುಜೀವಿಯ ಹಿಡಿತದ ಗುಟ್ಟು ಇರುವುದು ಕೆಲವು ಪ್ರೋಟೀನ್‌ಗಳಲ್ಲಿ. ಮನುಷ್ಯನ ದೇಹದ ಜೀವಕೋಶಗಳೂ ಪ್ರೋಟೀನ್‌ಗಳ ನೆರವಿನಿಂದಲೇ ತಮ್ಮ ತಮ್ಮ ಸ್ಥಾನದಲ್ಲಿ ನೆಲೆನಿಲ್ಲುತ್ತವೆ. ಆ ಹಿಡಿತ ತಪ್ಪಿದರೆ ಚರ್ಮದಲ್ಲಿ ಬೊಬ್ಬೆ ಏಳಬಹುದು, ರಕ್ತಸ್ರಾವ ನಿಲ್ಲದಿರಬಹುದು, ಸೋಂಕು ಬೆನ್ನು ಬಿಡದಿರಬಹುದು.

ನೀರಲ್ಲೂ ಬಿಡದ ಅಂಟು

ಮೊಟ್ಟೆಯಿಂದ ಹೊರಬಂದ ನೀಲಿಕಲ್ಲಿನ ಮರಿ ಕೆಲವು ವಾರ ನೀರಿನಲ್ಲಿ ತೇಲಾಡಿ, ಬಳಿಕ ಗಟ್ಟಿಯಾದ ಆಸರೆ ಹುಡುಕುತ್ತದೆ. ಚಿಪ್ಪಿನಿಂದ ನಾಲಿಗೆಯಂಥ ಪಾದವನ್ನು ಹೊರಚಾಚಿ ಬಂಡೆಗೆ ಒತ್ತಿ, ಅದರ ಗಾಡಿಯಲ್ಲಿ ಪ್ರೋಟೀನ್ ದ್ರವವನ್ನು ಸುರಿಸುತ್ತದೆ. ಕೆಲವೇ ನಿಮಿಷಗಳಲ್ಲಿ ಅದು ಗಟ್ಟಿಯಾಗಿ ಒಂದು ಎಳೆಯಾಗುತ್ತದೆ. ಅಡುಗೆಗೆ ಮುನ್ನ ಚಿಪ್ಪಿನಿಂದ ಕಿತ್ತೆಸೆಯುವ ನಾರು ಇದೇ ಎಳೆಗಳ ಗೊಂಚಲು.

ಒದ್ದೆ ಗೋಡೆಗೆ ಸಾಮಾನ್ಯ ಗೋಂದು ಹಿಡಿಯುವುದಿಲ್ಲ. ಮೇಲ್ಮೈಗೂ ಗೋಂದಿಗೂ ನಡುವೆ ನೀರಿನ ತೆಳುಪದರ ಉಳಿಯುವುದೇ ಇದಕ್ಕೆ ಕಾರಣ. ನೀಲಿಕಲ್ಲಿನ ವರ್ಗದ ಜೀವಿಗಳ ಅಂಟಿನಲ್ಲಿ 'ಡೋಪಾ' ಎಂಬ ಘಟಕ ಹೇರಳವಾಗಿದೆ. ಅದು ನೀರನ್ನು ಸರಿಸಿ ಕಲ್ಲಿನ ಖನಿಜಗಳೊಡನೆ ನೇರವಾಗಿ ಬೆಸೆದುಕೊಳ್ಳುತ್ತದೆ. ಈ ಅಂಟಿನಲ್ಲಿ ಡೋಪಾ ಇರುವುದನ್ನು ಅಮೆರಿಕದ ವಿಜ್ಞಾನಿ ಹರ್ಬರ್ಟ್ ವೇಟ್ ಮತ್ತು ಸಹೋದ್ಯೋಗಿ 1981ರಲ್ಲಿ ಪ್ರಕಟಿಸಿದರು. ನಮ್ಮ ಬೇಲಿಗಳಲ್ಲಿ ಹಬ್ಬುವ ನಸುಗುನ್ನಿಯ ಬೀಜದಲ್ಲಿರುವುದೂ, ಪಾರ್ಕಿನ್ಸನ್ ರೋಗಿಗಳಿಗೆ ಔಷಧವಾಗಿ ಕೊಡುವುದೂ ಇದೇ ಡೋಪಾ.

ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಬಳಕೆಗೆ ತಂದ ನೀಲಿಕಲ್ಲು ಕೃಷಿಯೂ ಈ ಗುಣವನ್ನೇ ನಂಬಿದೆ. ಮರಿಗಳನ್ನು ಹಗ್ಗದ ಸುತ್ತ ಇಟ್ಟು ಹತ್ತಿಯ ಬಲೆಬಟ್ಟೆ ಸುತ್ತಿ ನೀರಿಗೆ ಇಳಿಬಿಡಲಾಗುತ್ತದೆ. ಬಟ್ಟೆ ಕೊಳೆತು ಹೋಗುವಷ್ಟರಲ್ಲಿ ಮರಿಗಳು ತಾವಾಗಿಯೇ ಹಗ್ಗವನ್ನು ಹಿಡಿದಿರುತ್ತವೆ.

ಕೋಶಕ್ಕೂ ಬೇಕು ಕೈ

ಜೀವಕೋಶದ ವಿಧಾನ ತುಸು ಭಿನ್ನ. ಕೋಶಗಳ ಸುತ್ತ ಕೊಲಾಜೆನ್, ಫೈಬ್ರೊನೆಕ್ಟಿನ್, ಲ್ಯಾಮಿನಿನ್ ಮುಂತಾದ ಪ್ರೋಟೀನ್‌ಗಳ ಹಂದರವಿದೆ. ಅದನ್ನು ಹಿಡಿಯಲು ಕೋಶದ ಹೊರಪೊರೆಯಲ್ಲಿ ಕೈಗಳಂತೆ ಚಾಚಿರುವ ಪ್ರೋಟೀನ್‌ಗಳೇ 'ಇಂಟೆಗ್ರಿನ್'ಗಳು. ಇವುಗಳ ಒಂದು ತುದಿ ಹೊರಗಿನ ಹಂದರವನ್ನು ಹಿಡಿದರೆ, ಇನ್ನೊಂದು ತುದಿ ಕೋಶದೊಳಗಿನ ಎಳೆಗಳಿಗೆ ಕೊಂಡಿಯಾಗಿರುತ್ತದೆ. ಮನುಷ್ಯನಲ್ಲಿ 24 ಬಗೆಯ ಇಂಟೆಗ್ರಿನ್‌ಗಳಿವೆ. ಕೋಶಕ್ಕೆ ಕೋಶವನ್ನು ಬೆಸೆಯುವ ಕೆಲಸ 'ಕ್ಯಾಡ್ಹೆರಿನ್' ಎಂಬ ಬೇರೆ ಪ್ರೋಟೀನ್‌ಗಳದು. ಅವುಗಳಿಗೆ ಕ್ಯಾಲ್ಸಿಯಂ ಅತ್ಯಗತ್ಯ.

ನೀಲಿಕಲ್ಲಿನ ಅಂಟು ಒಮ್ಮೆ ಗಟ್ಟಿಯಾದರೆ ಮುಗಿಯಿತು. ಇಂಟೆಗ್ರಿನ್ ಹಾಗಲ್ಲ, ಅಗತ್ಯ ಬಿದ್ದಾಗ ಹಿಡಿಯುತ್ತದೆ, ಬೇಡವಾದಾಗ ಬಿಡುತ್ತದೆ. ಗಾಯ ಮಾಯುವಾಗ ಚರ್ಮದ ಕೋಶಗಳು ಹಿಡಿದು, ಬಿಟ್ಟು, ಮತ್ತೆ ಹಿಡಿದು ಮುಂದೆ ಸರಿಯುವುದು ಹೀಗೆಯೇ. ಆಸರೆ ಕಳೆದುಕೊಂಡ ಆರೋಗ್ಯವಂತ ಕೋಶ ಸಾಮಾನ್ಯವಾಗಿ ತಾನಾಗಿಯೇ ಸಾಯುತ್ತದೆ. ಕ್ಯಾನ್ಸರ್ ಕೋಶ ಈ ನಿಯಮ ಮೀರುವುದರಿಂದಲೇ ಬೇರೆ ಅಂಗಗಳಿಗೆ ಹರಡಲು ಶಕ್ತವಾಗುತ್ತದೆ. ಈ ಕ್ಷೇತ್ರದ ಸಂಶೋಧನೆಗಾಗಿ ರಿಚರ್ಡ್ ಹೈನ್ಸ್, ಎರ್ಕಿ ರುವೊಸ್ಲಾಟಿ ಹಾಗೂ ತಿಮೊತಿ ಸ್ಪ್ರಿಂಗರ್ ಅವರಿಗೆ 2022ರ ಲಾಸ್ಕರ್ ಪ್ರಶಸ್ತಿ ಸಂದಿದೆ.

ಹಿಡಿತ ತಪ್ಪಿದರೆ

ಡೆಂಗಿ ಜ್ವರದಿಂದಾಗಿ 'ಪ್ಲೇಟ್‌ಲೆಟ್ ಎಷ್ಟಿದೆ?' ಎಂಬ ಪ್ರಶ್ನೆ ಈಗ ಮನೆಮಾತು. ಆದರೆ ಸಂಖ್ಯೆ ಸರಿಯಿದ್ದೂ ರಕ್ತ ನಿಲ್ಲದ ಸ್ಥಿತಿಯೊಂದಿದೆ. ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಗ್ಲಾನ್ಜ್‌ಮನ್ 1918ರಲ್ಲಿ ವಿವರಿಸಿದ ಈ ಆನುವಂಶಿಕ ಕಾಯಿಲೆಯಲ್ಲಿ ಪ್ಲೇಟ್‌ಲೆಟ್‌ಗಳ ಇಂಟೆಗ್ರಿನ್ ಇಲ್ಲದಿರುತ್ತದೆ ಅಥವಾ ಕೆಲಸ ಮಾಡುವುದಿಲ್ಲ. ಹೀಗಾಗಿ ಅವು ಒಂದಕ್ಕೊಂದು ಅಂಟಿಕೊಳ್ಳಲಾರವು. ಪದೇ ಪದೇ ಮೂಗಿನಲ್ಲಿ, ವಸಡಿನಲ್ಲಿ ರಕ್ತ ಬರುವುದು ಇದರ ಲಕ್ಷಣ.

ಮತ್ತೊಂದು ಅಪರೂಪದ ಕಾಯಿಲೆಯಲ್ಲಿ ಬಿಳಿ ರಕ್ತಕಣಗಳ ಇಂಟೆಗ್ರಿನ್ ದೋಷಪೂರಿತವಾಗಿರುತ್ತದೆ. ರಕ್ತನಾಳದ ಗೋಡೆಯನ್ನು ಹಿಡಿದು ಹೊರಬರಲಾಗದ ಈ ಕಣಗಳು ಸೋಂಕಿನ ಜಾಗವನ್ನು ತಲುಪುವುದೇ ಇಲ್ಲ. ನವಜಾತ ಶಿಶುವಿನ ಹೊಕ್ಕುಳಬಳ್ಳಿ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಉದುರುತ್ತದೆ. ಮೂರು ವಾರ ಕಳೆದರೂ ಉದುರದೆ, ಸೋಂಕೂ ಮರುಕಳಿಸುತ್ತಿದ್ದರೆ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ತಡವಾದ ಮಾತ್ರಕ್ಕೆ ಕಾಯಿಲೆ ಇದೆಯೆಂದಲ್ಲ. ಇದ್ದರೆ ಮಾತ್ರ ಬೇಗ ಪತ್ತೆಯಾಗುವುದು ಮಗುವಿನ ಜೀವ ಉಳಿಸಬಲ್ಲದು. ತೀವ್ರ ಸ್ವರೂಪದ ಪ್ರಕರಣಗಳಿಗೆ ಅಸ್ಥಿಮಜ್ಜೆ ಕಸಿಯೇ ಚಿಕಿತ್ಸೆ.

ಈ ಎರಡೂ ಕಾಯಿಲೆಗಳು ಬರಬೇಕಾದರೆ ತಂದೆ, ತಾಯಿ ಇಬ್ಬರಿಂದಲೂ ದೋಷಯುಕ್ತ ಜೀನ್ ಮಗುವಿಗೆ ಬರಬೇಕು. ಸೋದರಮಾವ, ಅತ್ತೆಮಗ ಎಂಬ ಸಂಬಂಧದೊಳಗಿನ ಮದುವೆಗಳಲ್ಲಿ ಆ ಸಾಧ್ಯತೆ ಹೆಚ್ಚು. ಇಂತಹ ಮದುವೆಗಳು ಕರ್ನಾಟಕದಲ್ಲಿ ಇನ್ನೂ ನಡೆಯುತ್ತಿರುವುದರಿಂದ, ಕುಟುಂಬದಲ್ಲಿ ಇಂಥ ಇತಿಹಾಸವಿದ್ದವರು ಮುಂದಿನ ಗರ್ಭಧಾರಣೆಗೆ ಮುನ್ನ ಆನುವಂಶಿಕ ಸಲಹೆ ಪಡೆಯುವುದು ಒಳಿತು.

ವಿಷದಿಂದ ಮದ್ದು

ಹಿಡಿತ ಬಿಡಿಸುವುದೂ ಕೆಲವೊಮ್ಮೆ ಚಿಕಿತ್ಸೆಯೇ. ರಾಜ್ಯದ ಬಯಲುಸೀಮೆಯಲ್ಲಿ ರೈತರನ್ನು ಕಾಡುವ ಗರಗಸ ಮಂಡಲ ಹಾವಿನ ವಿಷದಲ್ಲಿ ಪ್ಲೇಟ್‌ಲೆಟ್‌ಗಳ ಇಂಟೆಗ್ರಿನ್ ಅನ್ನು ತಡೆಯುವ ಕಿರು ಪ್ರೋಟೀನ್ ಒಂದಿದೆ. ಅದರ ಮಾದರಿಯಲ್ಲಿ ರೂಪಿಸಿದ 'ಟಿರೊಫಿಬಾನ್' ಔಷಧವನ್ನು ಹೃದಯಾಘಾತದ ಚಿಕಿತ್ಸೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯಲು ಬಳಸಲಾಗುತ್ತದೆ.

ಇತ್ತ ನೀಲಿಕಲ್ಲಿನ ಬಂಧುಗಳ ಅಂಟನ್ನು ಪ್ರಯೋಗಾಲಯಗಳಲ್ಲಿ ಗಾಜಿನ ತಟ್ಟೆಗೆ ಲೇಪಿಸಿ, ಅದರ ಮೇಲೆ ಜೀವಕೋಶಗಳನ್ನು ನೆಲೆಗೊಳಿಸುವ ಪದ್ಧತಿ ದಶಕಗಳಿಂದ ಇದೆ. ಒದ್ದೆಯಾದ ಗಾಯದ ಮೇಲೂ ನಿಲ್ಲುವ ಅಂಟನ್ನು ಇದೇ ಮಾದರಿಯಲ್ಲಿ ತಯಾರಿಸುವ ಪ್ರಯತ್ನಗಳು ಹಲವು ದೇಶಗಳಲ್ಲಿ ನಡೆದಿವೆ. ಹೊಲಿಗೆಯಿಲ್ಲದೆ ಗಾಯ ಮುಚ್ಚುವ ಆ ಅಂಟಿನ ಮೂಲಪಾಠ ಕರಾವಳಿಯ ಬಂಡೆಗಳ ಮೇಲೆಯೇ ಇದೆ.