ಒಂದು ಬ್ಯಾಂಡು, ಇಬ್ಬರು ಅಭಿಮಾನಿಗಳು: ‘ಸ್ವರಾತ್ಮ’ ಕೇಳೋ ಜೋಡಿಯ ಲೆಕ್ಕಾಚಾರ

ಒಂದೇ ಹೀರೋಗೆ ಇಬ್ಬರು ಫ್ಯಾನ್ ಆಗಿರೋ ಜೋಡಿ ನಮ್ಮ ಕ್ಯಾಂಪಸ್ಸಲ್ಲಿ ಬೇಕಾದಷ್ಟು ಸಿಗುತ್ತೆ. ಆದರೆ ರೇಡಿಯೋದಲ್ಲಿ ಬರದ, ಹೋಟೆಲ್‌ನಲ್ಲಿ ಹಾಕದ, ಊರ ಆರ್ಕೆಸ್ಟ್ರಾದವರು ಹಾಡದ ಒಂದು ಬ್ಯಾಂಡಿಗೆ ಇಬ್ಬರೂ ಮನಸೋತಿರೋ ಜೋಡಿ ಅಪರೂಪ. ನಮ್ಮ ಕ್ಲಬ್ಬಿನಲ್ಲಿ ಅಂಥವರೊಂದು ಜೋಡಿ ಇದ್ದರು. ಅಣ್ಣ ಹೊಳಲ್ಕೆರೆ ಕಡೆಯವರು, ಅಕ್ಕ ಹಿರಿಯೂರಿನವರು. ಇಬ್ಬರದೂ ಈಗ ಓದು ಮುಗಿದಿದೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಲ್ಲ. ಅವರ ಬ್ಯಾಂಡಿನ ಹೆಸರು ಮಾತ್ರ ಹೇಳಬಹುದು: ಸ್ವರಾತ್ಮ.

ಇಬ್ಬರು ಸೇರಿ ಒಂದು ಬ್ಯಾಂಡನ್ನ ಹಚ್ಚಿಕೊಳ್ಳೋದು ಅಂದರೆ ಏನು? ಅದು ಹೇಗೆ ಕೆಲಸ ಮಾಡುತ್ತೆ? ಬ್ಯಾಂಡಿಗೆ ಅದರಿಂದ ಏನು ಸಿಗುತ್ತೆ, ಜೋಡಿಗೆ ಏನು ಸಿಗುತ್ತೆ? ಇಂಜಿನಿಯರಿಂಗ್ ಓದ್ತಿರೋರಾಗಿ ಇದನ್ನ ಸ್ವಲ್ಪ ಬಿಡಿಸಿ ನೋಡೋಣ.

ಮೊದಲು, ‘ಇಂಡಿ’ ಅಂದರೆ ಏನು?

ಇಂಗ್ಲೆಂಡ್, ಅಮೆರಿಕದಲ್ಲಿ ‘ಇಂಡಿ’ ಅಂದರೆ ದೊಡ್ಡ ರೆಕಾರ್ಡ್ ಕಂಪನಿಗಳ ಹಂಗಿಲ್ಲದ ಸಂಗೀತ. ನಮ್ಮಲ್ಲಿ ಅದರ ಅರ್ಥ ಸ್ವಲ್ಪ ಬೇರೆ. ಇಲ್ಲಿ ಹಾಡು ಅಂದರೆ ಸಿನಿಮಾ ಹಾಡು ಅನ್ನೋಷ್ಟು ಸಿನಿಮಾದ್ದೇ ಕಾರುಬಾರು. ಹಾಗಾಗಿ ಸಿನಿಮಾದ ಹಂಗಿಲ್ಲದೆ, ತಾವೇ ಬರೆದು ತಾವೇ ನುಡಿಸೋದೆಲ್ಲ ನಮಗೆ ಇಂಡಿ.

ಕನ್ನಡಕ್ಕೆ ಈ ದಾರಿ ಹೊಸದೇನಲ್ಲ. ಭಾವಗೀತೆ ಪರಂಪರೆ ಮೊದಲಿಂದಲೂ ಸಿನಿಮಾದ ಪಕ್ಕದಲ್ಲೇ ಬೇರೆಯಾಗಿ ಬೆಳೀತು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಿ. ಅಶ್ವಥ್ ಅವರ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಸೇರಿದ್ದ ಜನಸಾಗರ ಬಂದಿದ್ದು ಯಾವ ಸಿನಿಮಾ ನಟನನ್ನೂ ನೋಡೋಕಲ್ಲ, ಹಾಡು ಕೇಳೋಕೆ. ಅದೇ ಹೊತ್ತಿಗೆ ಗಿಟಾರ್, ಡ್ರಮ್ಸ್ ಹಿಡಿದ ಹುಡುಗರು ಜಾನಪದ, ತತ್ವಪದಗಳನ್ನ ತಮ್ಮ ರೀತಿಯಲ್ಲಿ ಹಾಡೋಕೆ ಶುರು ಮಾಡಿದ್ದರು. ರಘು ದೀಕ್ಷಿತ್ ಅವರ ತಂಡ ಶಿಶುನಾಳ ಷರೀಫರ ಪದಗಳನ್ನ ರಾಕ್ ಮೇಳದ ಜತೆ ಹಾಡಿ ಹೊರದೇಶದ ವೇದಿಕೆಗಳವರೆಗೂ ಒಯ್ದಿತು.

ಸ್ವರಾತ್ಮ ಬೆಂಗಳೂರಿನ ಜಾನಪದ-ರಾಕ್ ತಂಡ. ವಾಸು ದೀಕ್ಷಿತ್ ಅವರ ದನಿ, ಅದರ ಜತೆ ಪಿಟೀಲು, ಗಿಟಾರ್, ಬೇಸ್, ಡ್ರಮ್ಸ್, ತಾಳವಾದ್ಯ. 2006ರಲ್ಲಿ ರೇಡಿಯೋ ಸಿಟಿಯ ಸ್ಪರ್ಧೆ ಗೆದ್ದು ಹೆಸರಾಯ್ತು. 2009ರಲ್ಲಿ ತಂಡದ ಹೆಸರಿನದೇ ಮೊದಲ ಆಲ್ಬಂ, 2012ರಲ್ಲಿ ‘ಟೋಪಿವಾಲೆ’, 2018ರಲ್ಲಿ ‘ರಾಹ್-ಎ-ಫಕೀರಾ’ ಬಂದವು. ಹೆಚ್ಚಿನ ಹಾಡು ಹಿಂದಿಯಲ್ಲಿ, ನಡುನಡುವೆ ಕನ್ನಡ. ಮೊದಲ ಆಲ್ಬಮ್ಮಿನ ‘ಈ ಭೂಮಿ’ ಕನ್ನಡದ್ದೇ. ವೇದಿಕೆ ಮೇಲೆ ವಾಸು ಸೊಂಟಕ್ಕೆ ಬಣ್ಣದ ಕುದುರೆ ಕಟ್ಟಿಕೊಂಡು ಕುಣಿಯೋದನ್ನ ಕಂಡವರಿಗೆ ನಮ್ಮೂರ ಜಾತ್ರೆಯ ಕೀಲುಕುದುರೆ ನೆನಪಾಗದೇ ಇರಲ್ಲ. ದುರ್ಗದ ಕಡೆಯವರಿಗೆ ಈ ತಂಡ ಹತ್ತಿರ ಅನ್ನಿಸೋಕೆ ಅದೂ ಒಂದು ಕಾರಣ ಇರಬಹುದು.

ಒಂದು ತೊಲೆ, ಎರಡು ಗಡಿಯಾರ

1665ರಲ್ಲಿ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್ ಹುಷಾರಿಲ್ಲದೆ ಮಲಗಿದ್ದಾಗ ಒಂದು ವಿಚಿತ್ರ ಗಮನಿಸಿದರು. ಒಂದೇ ಆಧಾರಕ್ಕೆ ನೇತುಹಾಕಿದ ಎರಡು ಲೋಲಕದ ಗಡಿಯಾರ ಸ್ವಲ್ಪ ಹೊತ್ತಿನಲ್ಲಿ ತಾವಾಗೇ ಒಂದೇ ಲಯಕ್ಕೆ ಬರ್ತಿದ್ದವು. ಕೆಡಿಸಿ ಬಿಟ್ಟರೂ ಮತ್ತೆ ಅದೇ ಲಯಕ್ಕೆ ವಾಪಸ್. ಒಂದರ ಸಣ್ಣ ಕಂಪನ ಆ ಆಧಾರದ ಮೂಲಕ ಇನ್ನೊಂದಕ್ಕೆ ದಾಟ್ತಿತ್ತು. ಇದನ್ನೇ ನಾವು ಕಪಲ್ಡ್ ಆಸಿಲೇಟರ್ ಅಂತ ಓದ್ತೀವಿ.

ಪರೀಕ್ಷೆಗೆ ಬರೆಯುವಾಗ ನಾವು ಮರೆಯೋ ವಿಷಯ ಒಂದಿದೆ. ಆ ಗಡಿಯಾರಗಳ ಲಯ ಒಂದೇ ಆಗಿದ್ದರೂ ದಿಕ್ಕು ಒಂದೇ ಆಗಿರಲಿಲ್ಲ. ಒಂದು ಎಡಕ್ಕೆ ಹೋದಾಗ ಇನ್ನೊಂದು ಬಲಕ್ಕೆ ಹೋಗ್ತಿತ್ತು.

ನಮ್ಮ ಅಣ್ಣ-ಅಕ್ಕನ ಕಥೆಯೂ ಹಾಗೇ. ಅಣ್ಣನಿಗೆ ಬೇಸ್ ಗಿಟಾರ್ ಹುಚ್ಚು, ಹಾಡಿನ ಅರ್ಥ ಎರಡನೇ ಮಾತು. ಅಕ್ಕ ಸಾಹಿತ್ಯಕ್ಕೆ ಕಿವಿ ಕೊಡೋರು. ‘ಟೋಪಿವಾಲೆ’ ಹಾಡು ರಾಜಕಾರಣಿಗಳನ್ನ ಗೇಲಿ ಮಾಡುತ್ತೆ ಅಂತ ಅಣ್ಣನಿಗೆ ಗೊತ್ತಾಗಿದ್ದೇ ಅಕ್ಕ ಹೇಳಿದ ಮೇಲೆ. ಅಷ್ಟು ದಿನ ಅವರು ಅದನ್ನ ಬರೀ ಕುಣಿಯೋ ಹಾಡು ಅಂದ್ಕೊಂಡಿದ್ದರು. ಇತ್ತ ಅಕ್ಕನಿಗೆ ಬೇಸ್ ಅನ್ನೋದು ಬೇರೆ ವಾದ್ಯ ಅಂತ ತಿಳಿಸಿ, ಅದನ್ನ ಹಾಡಿನೊಳಗಿಂದ ಹೆಕ್ಕಿ ಕೇಳೋದು ಕಲಿಸಿದ್ದು ಅಣ್ಣ. ಇಬ್ಬರಿಗೂ ಒಂದೇ ಕಾರಣಕ್ಕೆ ಒಂದೇ ಹಾಡು ಇಷ್ಟವಾಗಿದ್ದರೆ ಒಂದು ವಾರದಲ್ಲಿ ಮಾತು ಮುಗೀತಿತ್ತು. ಕಾರಣ ಬೇರೆ ಆಗಿದ್ದಕ್ಕೆ ಮೂರು ವರ್ಷ ಮಾತಾಡೋಷ್ಟು ಸರಕು ಸಿಕ್ಕಿತು.

ಇನ್ನೊಂದು ಕಾರಣವೂ ಇದೆ. ಮನಶ್ಶಾಸ್ತ್ರಜ್ಞ ರಾಬರ್ಟ್ ಝಯಾಂಕ್ 1968ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ವಸ್ತು ಪದೇ ಪದೇ ಎದುರಾದರೆ ಅಷ್ಟಕ್ಕೇ ಅದು ನಮಗೆ ಹಿಡಿಸತೊಡಗುತ್ತೆ ಅಂತ ತೋರಿಸಿದರು. ಸಿನಿಮಾ ಹಾಡಿಗೆ ಈ ಮರುಕಳಿಕೆ ಪುಕ್ಕಟೆ ಸಿಗುತ್ತೆ. ಬಸ್ಸು, ಮದುವೆಮನೆ, ಗಣಪತಿ ಪೆಂಡಾಲು, ಎಲ್ಲ ಕಡೆ ಕಿವಿಗೆ ಬೀಳುತ್ತೆ. ಇಂಡಿ ಬ್ಯಾಂಡಿಗೆ ಆ ಸೌಲಭ್ಯ ಇಲ್ಲ. ಯಾರಾದರೂ ಬೇಕು ಅಂತಲೇ ಮತ್ತೆ ಮತ್ತೆ ಹಾಕಬೇಕು. ಜೋಡಿಯಲ್ಲಿ ಒಬ್ಬರು ಇನ್ನೊಬ್ಬರಿಗೆ ಮಾಡೋದು ಇದೇ ಕೆಲಸ.

ಒಂದು ಇಯರ್‌ಫೋನ್ ಹಂಚಿಕೊಂಡರೆ ಏನು ಕಳ್ಕೊಳ್ತೀವಿ?

1979ರಲ್ಲಿ ಜಪಾನಿನಲ್ಲಿ ಸೋನಿ ಮೊದಲ ವಾಕ್‌ಮನ್ ಬಿಟ್ಟಾಗ ಅದರಲ್ಲಿ ಹೆಡ್‌ಫೋನಿಗೆ ಒಂದಲ್ಲ, ಎರಡು ತೂತು ಇದ್ದವು. ಒಬ್ಬರೇ ಕಿವಿಗೆ ಹಾಕ್ಕೊಂಡು ಕೂತರೆ ಪಕ್ಕದವರಿಗೆ ಅಸಡ್ಡೆ ಮಾಡಿದಂಗೆ ಆಗುತ್ತೆ ಅನ್ನೋ ಯೋಚನೆ ಅದರ ಹಿಂದಿತ್ತು. ಜತೆಗೆ ಒಂದು ಬಟನ್ ಕೂಡ ಇತ್ತು. ಅದನ್ನ ಒತ್ತಿದರೆ ಹಾಡಿನ ದನಿ ತಗ್ಗಿ, ಮೈಕಿನ ಮೂಲಕ ಪಕ್ಕದವರ ಮಾತು ಕೇಳ್ತಿತ್ತು. ಜನ ಒಬ್ಬೊಬ್ಬರೇ ಕೇಳೋಕೇ ಇಷ್ಟಪಟ್ಟರು, ಮುಂದಿನ ಮಾದರಿಗಳಲ್ಲಿ ಇವೆರಡೂ ಮಾಯವಾದವು.

ಈಗ ನಾವು ಮಾಡೋದು ಬೇರೆ. ದುರ್ಗದಿಂದ ಹಿರಿಯೂರಿಗೆ ಬಸ್ಸಲ್ಲಿ 40 ಕಿ.ಮೀ. ಕೂತು, ಎಡದ ಬಡ್ ಒಬ್ಬರು, ಬಲದ ಬಡ್ ಇನ್ನೊಬ್ಬರು. ನೋಡೋಕೆ ಚೆನ್ನಾಗಿದೆ. ಆದರೆ ಸ್ಟೀರಿಯೋ ಹಾಡಿನಲ್ಲಿ ಎರಡು ಚಾನೆಲ್ಲಿಗೂ ಒಂದೇ ಸದ್ದು ಹೋಗಲ್ಲ. ಗಾಯಕರ ದನಿ, ಬೇಸ್, ಕಿಕ್ ಡ್ರಮ್ ಸಾಮಾನ್ಯವಾಗಿ ಮಧ್ಯದಲ್ಲಿ ಇರ್ತವೆ, ಎರಡೂ ಕಡೆ ಸಮ. ಗಿಟಾರ್, ಪಿಟೀಲು, ಸಣ್ಣ ತಾಳವಾದ್ಯಗಳನ್ನ ಮಿಕ್ಸ್ ಮಾಡೋರು ಎಡಕ್ಕೋ ಬಲಕ್ಕೋ ಸರಿಸಿರ್ತಾರೆ. ಹಾಗಾಗಿ ಎಡಗಿವಿಯವರಿಗೆ ಪಿಟೀಲು ಜೋರು, ಬಲಗಿವಿಯವರಿಗೆ ಗಿಟಾರ್ ಜೋರು ಆಗಬಹುದು. ಒಂದೇ ಹಾಡು ಕೇಳ್ತಿದೀವಿ ಅಂದ್ಕೊಂಡು ಇಬ್ಬರೂ ಬೇರೆ ಬೇರೆ ಹಾಡು ಕೇಳ್ತಿರ್ತಾರೆ.

ಪರಿಹಾರ ಸುಲಭ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿಗೆ ಹೋಗಿ ‘ಮೋನೋ ಆಡಿಯೋ’ ಆನ್ ಮಾಡಿ. ಎರಡೂ ಚಾನೆಲ್ ಕೂಡಿ ಎರಡೂ ಕಿವಿಗೆ ಒಂದೇ ಬರುತ್ತೆ. ಒಂದು ಕಿವಿ ಮಾತ್ರ ಕೇಳೋರಿಗಾಗಿ ಇಟ್ಟಿರೋ ಸೌಲಭ್ಯ ಇದು, ಒಂದೊಂದೇ ಬಡ್ ಹಾಕ್ಕೊಂಡ ಜೋಡಿಗೂ ಆಗುತ್ತೆ. ಹೊಸ ಬ್ಲೂಟೂತ್‌ನಲ್ಲಿ ‘ಆರಾಕಾಸ್ಟ್’ ಅನ್ನೋ ವ್ಯವಸ್ಥೆ ಬಂದಿದೆ. ಅದಿರೋ ಒಂದು ಫೋನಿಂದ ಎಷ್ಟು ಜನರ ಬಡ್‌ಗೆ ಬೇಕಾದರೂ ಹಾಡು ಬಿತ್ತರಿಸಬಹುದು. 1979ರ ಎರಡು ತೂತು ವಾಪಸ್ ಬಂದಂಗೇ ಲೆಕ್ಕ.

ಬ್ಯಾಂಡಿಗೆ ಎಷ್ಟು ತಲುಪುತ್ತೆ?

ಇಲ್ಲಿ ಲೆಕ್ಕ ಸ್ವಲ್ಪ ಬೇಜಾರು ತರಿಸುತ್ತೆ. ಸ್ಪಾಟಿಫೈ ಥರದ ಕಡೆ ನೀವು ಕಟ್ಟೋ ತಿಂಗಳ ದುಡ್ಡು ನೇರ ನಿಮ್ಮ ಬ್ಯಾಂಡಿಗೆ ಹೋಗಲ್ಲ. ಎಲ್ಲರ ದುಡ್ಡೂ ಒಂದೇ ಹುಂಡಿಗೆ ಬಿದ್ದು, ಒಟ್ಟು ಕೇಳಿಕೆಯಲ್ಲಿ ಯಾರ ಪಾಲು ಎಷ್ಟೋ ಅದರಂತೆ ಹಂಚಿಕೆಯಾಗುತ್ತೆ. ನೀವು ತಿಂಗಳಿಡೀ ಸ್ವರಾತ್ಮ ಒಂದನ್ನೇ ಕೇಳಿದರೂ ನಿಮ್ಮ ದುಡ್ಡಿನ ಬಹುಪಾಲು ದೊಡ್ಡ ಹೆಸರುಗಳಿಗೇ ಸೇರುತ್ತೆ.

2024ರಿಂದ ಇನ್ನೊಂದು ನಿಯಮ ಬಂತು. ಹಿಂದಿನ 12 ತಿಂಗಳಲ್ಲಿ ಒಂದು ಹಾಡು ಕನಿಷ್ಠ 1,000 ಸಲ ಕೇಳಿಕೆ ಆಗದಿದ್ದರೆ ಸ್ಪಾಟಿಫೈ ಅದಕ್ಕೆ ರಾಯಲ್ಟಿ ಲೆಕ್ಕ ಹಾಕಲ್ಲ. 30 ಸೆಕೆಂಡು ಓಡಿದರೆ ಒಂದು ಕೇಳಿಕೆ. ಆಗಲೇ ಹೆಸರು ಮಾಡಿದ ತಂಡಗಳಿಗೆ ಇದು ದೊಡ್ಡ ತೊಡಕಲ್ಲ. ಈಗಷ್ಟೇ ಹಾಸ್ಟೆಲ್ ರೂಮಲ್ಲಿ ರೆಕಾರ್ಡ್ ಮಾಡ್ತಿರೋ ಕನ್ನಡದ ಹುಡುಗರಿಗೆ ಇದು ಗೋಡೆ.

ಅಂಥ ಒಂದು ತಂಡಕ್ಕೆ ಒಂದು ನಿಷ್ಠಾವಂತ ಜೋಡಿ ಸಿಕ್ಕಿತು ಅನ್ಕೊಳ್ಳಿ. ಇಬ್ಬರೂ ದಿನಕ್ಕೊಂದು ಸಲ ಅದೇ ಹಾಡು ಕೇಳಿದರೆ ವರ್ಷಕ್ಕೆ 730. ಇನ್ನೂ 270 ಕಮ್ಮಿ. ಒಂದೇ ಫೋನಿಂದ ಬಡ್ ಹಂಚ್ಕೊಂಡು ಕೇಳಿದರೆ ಬರೀ 365! ಪ್ರೀತಿ ಜಾಸ್ತಿ ಆದಷ್ಟೂ ಕೇಳಿಕೆ ಕಮ್ಮಿ. ಮೇಲಾಗಿ ಕೇಳಿಕೆ ಒಂದೇ ಸಾಲದು, ಕೇಳೋ ಬೇರೆ ಬೇರೆ ಜನರೂ ಇಂತಿಷ್ಟು ಅಂತ ಇರಬೇಕು ಅನ್ನೋ ನಿಯಮವೂ ಇದೆ. ಅಂದರೆ ಇಬ್ಬರ ಭಕ್ತಿ ಎಷ್ಟೇ ಗಟ್ಟಿ ಇದ್ದರೂ ಬ್ಯಾಂಡು ಉಳಿಯೋಕೆ ಸಾಲಲ್ಲ. ಆ ಜೋಡಿ ಮೂರನೆಯವರನ್ನ, ಹತ್ತನೆಯವರನ್ನ ಸೇರಿಸ್ಕೋಬೇಕು. ಟಿಕೆಟ್ ತಗೊಂಡು ಕಾರ್ಯಕ್ರಮಕ್ಕೆ ಹೋಗಬೇಕು, ಅಲ್ಲಿ ಟೀ-ಶರ್ಟ್ ಮಾರ್ತಿದ್ದರೆ ಒಂದು ಕೊಳ್ಳಬೇಕು.

ನಮ್ಮ ಅಣ್ಣ-ಅಕ್ಕ ಮಾಡಿದ್ದೂ ಅದನ್ನೇ. ಬೆಂಗಳೂರು ಇಲ್ಲಿಂದ ಸುಮಾರು 200 ಕಿ.ಮೀ. ಟಿಕೆಟ್ಟಿಗಿಂತ ಓಡಾಟದ ಖರ್ಚೇ ಜಾಸ್ತಿ. ಕಾರ್ಯಕ್ರಮ ಮುಗಿಸಿ ರಾತ್ರಿ ರೈಲು ಹತ್ತಿದರೆ ನಸುಕಿಗೆ ಚಿಕ್ಕಜಾಜೂರು, ಅಲ್ಲಿಂದ ಮೊದಲ ಬಸ್ಸು. ಹಿರಿಯೂರಿಗಂತೂ ರೈಲೇ ಇಲ್ಲ, ಹೆದ್ದಾರಿ ಬಸ್ಸೇ ಗತಿ. ಹೀಗೆ ಹೋಗುವಾಗೆಲ್ಲ ಕ್ಲಬ್ಬಿಂದ ಇಬ್ಬರು ಮೂವರನ್ನ ಎಳ್ಕೊಂಡು ಹೋಗ್ತಿದ್ದರು. ನಮ್ಮಲ್ಲಿ ಈಗ ಸ್ವರಾತ್ಮ ಕೇಳೋರು ಹನ್ನೆರಡು ಜನ ಇದ್ದೀವಿ ಅಂದರೆ ಅದಕ್ಕೆ ಅವರೇ ಕಾರಣ.

ದೂರ ಆದ ಮೇಲೆ

ಪ್ಲೇಸ್‌ಮೆಂಟ್ ಆಗಿ ಅಕ್ಕ ಪುಣೆಗೆ ಹೋದರು. ಅಣ್ಣ ದುರ್ಗದ ಗುಡ್ಡದ ಗಾಳಿಯಂತ್ರಗಳ ನಿರ್ವಹಣೆ ಕೆಲಸಕ್ಕೆ ಸೇರಿ ಇಲ್ಲೇ ಉಳಿದರು. ಈಗ ಇಬ್ಬರೂ ಫೋನಲ್ಲಿ ಒಂದೇ ಹಾಡನ್ನ ಒಂದೇ ಸಲಕ್ಕೆ ಹಾಕ್ತಾರೆ. ಕೇಳೋದು ನಡೆಯುತ್ತೆ, ಜತೆಗೆ ಹಾಡೋಕೆ ಹೋದರೆ ತಾಳ ತಪ್ಪುತ್ತೆ. ಯಾಕೆ?

ದುರ್ಗದಿಂದ ಪುಣೆಗೆ ಆರುನೂರು ಚಿಲ್ಲರೆ ಕಿ.ಮೀ. ಆಪ್ಟಿಕಲ್ ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತೆ. ಅಂದರೆ ದೂರದಿಂದ ಆಗೋ ತಡ ಹೆಚ್ಚುಕಮ್ಮಿ 3 ಮಿಲಿಸೆಕೆಂಡು ಮಾತ್ರ. ಉಳಿದ ತಡವೆಲ್ಲ ಎನ್‌ಕೋಡಿಂಗ್, ಬಫರ್, ಮೊಬೈಲ್ ನೆಟ್‌ವರ್ಕ್‌ನದು. ಬ್ಲೂಟೂತ್ ಬಡ್ ಹಾಕ್ಕೊಂಡರೆ ಅದೊಂದೇ 100-200 ಮಿಲಿಸೆಕೆಂಡು ಸೇರಿಸಬಹುದು. ಇಬ್ಬರು ಒಟ್ಟಿಗೆ ತಾಳ ಹಿಡಿಯೋಕೆ ತಡ ಸುಮಾರು 30 ಮಿಲಿಸೆಕೆಂಡಿನ ಒಳಗಿರಬೇಕು. ಗಾಳಿಯಲ್ಲಿ ಸದ್ದು ಅಷ್ಟು ಹೊತ್ತಿನಲ್ಲಿ ಹೋಗೋದು ಸುಮಾರು 10 ಮೀಟರ್. ಒಂದು ಸಣ್ಣ ವೇದಿಕೆಯ ಅಗಲ ಅನ್ನಿ, ಭಜನೆ ಮಂಡಳಿ ಕೂರೋ ಜಾಗ ಅನ್ನಿ. ಜತೆಗೆ ಹಾಡಬೇಕು ಅಂದರೆ ಮನುಷ್ಯರು ಅಷ್ಟು ಹತ್ತಿರ ಇರಬೇಕು.

ಇಬ್ಬರೂ ಬೇರೆ ಬೇರೆ ಸಮುದಾಯದವರು. ಎರಡೂ ಮನೆಗೆ ವಿಷಯ ಹೇಳಿದ್ದಾರೆ, ಉತ್ತರ ಇನ್ನೂ ಬಂದಿಲ್ಲ. ‘ಬೇಜಾರಾದಾಗ ಮಾತಾಡೋಕೆ ಆಗಲ್ಲ ಕಣ್ರೋ, ಆಗ ಬರೀ ಲಿಂಕ್ ಕಳಿಸ್ತೀನಿ. ಯಾವ ಹಾಡು ಅಂತ ನೋಡಿದರೆ ಅವಳಿಗೆ ಗೊತ್ತಾಗುತ್ತೆ’ ಅಂತ ಅಣ್ಣ ಹೇಳ್ತಾರೆ. ಮೂರು ವರ್ಷ ಒಂದೇ ಹಾಡುಗಳನ್ನ ಕೇಳಿದ್ದರಿಂದ ಅವರಿಗೆ ಸಿಕ್ಕಿದ್ದು ಇದು: ಮಾತಿಗೆ ಬದಲು ಬಳಸಬಹುದಾದ ಒಂದು ಭಾಷೆ. ಮನೆಯವರನ್ನ ಅದು ಒಪ್ಪಿಸಲ್ಲ. ಆದರೆ ಉತ್ತರ ಬರೋವರೆಗೂ ಕಾಯೋಕೆ ಸಹಾಯ ಮಾಡುತ್ತೆ.

ನಮ್ಮ ನೆಲದಲ್ಲಿ ಇದಕ್ಕೆ ಜಾಗ ಇದೆಯಾ?

ಇದೆ. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದುಬರಹ ಇಲ್ಲದೆ ಸಾವಿರಾರು ಪದಗಳನ್ನ ನೆನಪಲ್ಲಿಟ್ಟು ಹಾಡಿದ ಜಿಲ್ಲೆ ಇದು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ ಬಯಲು ರಂಗಮಂದಿರ ಕಟ್ಟಿಸಿ, ‘ಶಿವಸಂಚಾರ’ ತಂಡದ ಮೂಲಕ 1997ರಿಂದ ನಾಟಕಗಳನ್ನ ಊರೂರಿಗೆ ಕಳಿಸ್ತಿದ್ದಾರೆ. ನವೆಂಬರಿನ ನಾಟಕೋತ್ಸವಕ್ಕೆ ಸುತ್ತಲಿನ ಹಳ್ಳಿಯವರು ಬಂದು ರಾತ್ರಿ ಚಳಿಯಲ್ಲಿ ಕೂತು ನೋಡ್ತಾರೆ. ಸಿನಿಮಾ ಅಲ್ಲದ್ದನ್ನ ನಮ್ಮ ಕಡೆಯ ಜನ ನೋಡಲ್ಲ, ಕೇಳಲ್ಲ ಅನ್ನೋ ಮಾತು ಅಲ್ಲೇ ಸುಳ್ಳಾಗುತ್ತೆ. ಒಳ್ಳೇದು ಊರಿಗೆ ಬಂದರೆ ಜನ ಬರ್ತಾರೆ.

ಹಾಗಾಗಿ ನಮ್ಮ ಕ್ಲಬ್ಬಿನ ಕಡೆಯಿಂದ ಒಂದು ಮಾತು. ಈ ಸಲದ ಫೆಸ್ಟಿಗೆ ಡಿಜೆಗೆ ಎತ್ತಿಡೋ ದುಡ್ಡಲ್ಲಿ ಒಂದು ಭಾಗ ತೆಗೆದು ಸ್ವಂತ ಹಾಡು ಕಟ್ಟೋ ಒಂದು ಕನ್ನಡ ತಂಡವನ್ನ ಕರೆಸೋಣ ಅಂತ ಕಮಿಟಿಗೆ ಕೇಳ್ತಿದೀವಿ. ದೊಡ್ಡ ತಂಡವೇ ಆಗಬೇಕಿಲ್ಲ, 1,000 ಕೇಳಿಕೆ ದಾಟದ ತಂಡ ಆದರೂ ಆದೀತು. ಒಪ್ಪಿಗೆ ಇರೋರು ಕ್ಲಬ್ಬಿನ ರೂಮಿಗೆ ಬಂದು ಸಹಿ ಹಾಕಿ. ಬರುವಾಗ ನಿಮ್ಮ ಜತೆ ಇನ್ನೊಬ್ಬರನ್ನ ಕರ್ಕೊಂಡು ಬನ್ನಿ.