ಹಲ್ಲಿನ ಪಾಚಿಯೂ ವಿದ್ಯುತ್ ಬ್ರಷ್ಷೂ

ಬೇವಿನ ಕಡ್ಡಿಯನ್ನೂ ಇದ್ದಿಲ ಪುಡಿಯನ್ನೂ ಬಿಟ್ಟು ಬ್ರಷ್ಷಿಗೆ ಒಗ್ಗಿಕೊಂಡ ನಮ್ಮ ಮನೆಗಳಿಗೆ ಈಗ ವಿದ್ಯುತ್ತಿನಿಂದ ಚಲಿಸುವ ಬ್ರಷ್ಷು ಬಂದು ಸೇರುತ್ತಲಿದೆ. ಕಳೆದ ವರ್ಷ ಪರದೇಶದಿಂದ ಬಂದ ಬಂಧುವೊಬ್ಬರು ಅಂಥದೊಂದನ್ನು ನಮಗೂ ತಂದಿತ್ತರು. ಬೆಲೆ ಕೇಳಿ ಬೆರಗಾದೆವು. ಇಷ್ಟು ಹಣಕ್ಕೆ ತಕ್ಕ ಫಲವುಂಟೆ ಎಂದು ಅನೇಕ ತಾಯಂದಿರು ನಮ್ಮನ್ನು ಕೇಳಿದ್ದಾರೆ. ಕೇಳತಕ್ಕ ಪ್ರಶ್ನೆಯೇ.

ಪಾಚಿಯೆಂದರೆ ಹಲ್ಲಿಗಂಟಿದ ಅನ್ನದ ಅಗುಳಲ್ಲ. ಸೂಕ್ಷ್ಮಜೀವಿಗಳು ಹೆಣೆದುಕೊಂಡ ಜಿಗುಟಾದ ಸಜೀವ ಪೊರೆ. ಬಾಯಿ ಮುಕ್ಕಳಿಸಿದರೆ ಹೋಗದು, ಉಜ್ಜಿಯೇ ತೆಗೆಯಬೇಕು. ತೆಗೆದ ಕೆಲವೇ ತಾಸುಗಳಲ್ಲಿ ಮತ್ತೆ ಕಟ್ಟತೊಡಗುತ್ತದೆ. ಹೆರಾಲ್ಡ್ ಲ್ಯೋ ಮತ್ತು ಅವರ ಸಂಗಡಿಗರು 1965ರಲ್ಲಿ ಪ್ರಕಟಿಸಿದ ಡೆನ್ಮಾರ್ಕಿನ ಪ್ರಯೋಗವೊಂದು ಪ್ರಸಿದ್ಧವಾಗಿದೆ. ಆರೋಗ್ಯವಂತರಾದ 12 ಮಂದಿ ಹಲ್ಲುಜ್ಜುವುದನ್ನೇ ನಿಲ್ಲಿಸಿದರು. 10ರಿಂದ 21 ದಿನಗಳಲ್ಲಿ ಎಲ್ಲರ ವಸಡುಗಳೂ ಕೆಂಪೇರಿ ಊದಿಕೊಂಡವು. ಮತ್ತೆ ಉಜ್ಜತೊಡಗಿದಾಗ ಸುಮಾರು ಒಂದು ವಾರದಲ್ಲಿ ಸರಿಹೋದವು. ಪಾಚಿಗೂ ವಸಡಿನ ರೋಗಕ್ಕೂ ಇರುವ ನಂಟು ಹೀಗೆ ಸ್ಥಿರಪಟ್ಟಿತು.

ವಿದ್ಯುತ್ ಬ್ರಷ್ಷೊಂದು 1954ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ರೂಪುಗೊಂಡಿತು. ಅದನ್ನು ಕೈಬ್ರಷ್ಷಿನೊಡನೆ ತೂಗಿ ನೋಡುವ ಕ್ರಮ ಸರಳವಾದುದು: ಹಲ್ಲಿಗೆ ಬಣ್ಣ ಹಚ್ಚಿದರೆ ಪಾಚಿಯಿರುವೆಡೆ ಅದು ನಿಲ್ಲುತ್ತದೆ, ಎಷ್ಟು ಭಾಗ ಬಣ್ಣ ಹಿಡಿಯಿತೆಂದು ನೋಡಿ ವೈದ್ಯರು ಅಂಕ ಕೊಡುತ್ತಾರೆ. ಕೊಕ್ರೇನ್ ಸಂಸ್ಥೆಯು 2014ರಲ್ಲಿ ಒಟ್ಟು 5068 ಜನರು ಭಾಗವಹಿಸಿದ ಇಂಥ 56 ಪ್ರಯೋಗಗಳನ್ನು ಪರಿಶೀಲಿಸಿತು. ವಿದ್ಯುತ್ ಬ್ರಷ್ಷು ಬಳಸಿದವರಲ್ಲಿ ಮೂರು ತಿಂಗಳವರೆಗಿನ ಅವಧಿಯಲ್ಲಿ ಪಾಚಿಯ ಅಂಕ ಶೇ. 11ರಷ್ಟು, ಆ ಮೇಲೆ ಶೇ. 21ರಷ್ಟು ಕಡಿಮೆಯಿತ್ತು. ವಸಡಿನ ಉರಿಯೂತದಲ್ಲಿ ಕಂಡ ಲಾಭ ಇದರ ಅರ್ಧದಷ್ಟು ಮಾತ್ರ. ಜಾಹೀರಾತಿನವರು ಮೊದಲನೆಯದನ್ನು ಹೇಳಿ ಎರಡನೆಯದನ್ನು ನುಂಗಿಬಿಡುತ್ತಾರೆ! ಇದರಿಂದ ಮುಂದೆ ಹಲ್ಲುಗಳು ಎಷ್ಟರಮಟ್ಟಿಗೆ ಉಳಿದಾವೆಂಬುದನ್ನು ಆ ಪರಿಶೀಲನೆ ನಿರ್ಣಯಿಸಲಿಲ್ಲ. ದುಂಡು ತಲೆಯು ಹಿಂದಕ್ಕೂ ಮುಂದಕ್ಕೂ ತಿರುಗುವ ಬಗೆಯು ಅಡ್ಡಡ್ಡ ಅಲುಗುವ ಬಗೆಗಿಂತ ತುಸು ಮೇಲೆಂದು 2010ರ ಇನ್ನೊಂದು ಪರಿಶೀಲನೆ ಹೇಳಿತು, ಅಂತರ ಅಲ್ಪ.

ಆದುದರಿಂದ ಕೈ ಸರಿಯಾಗಿರುವವರು ಸಾಲ ಮಾಡಿ ಇದನ್ನು ಕೊಳ್ಳಬೇಕಾದುದಿಲ್ಲವೆಂದೇ ನಮ್ಮ ಅಭಿಪ್ರಾಯ. ಮೆದು ಎಳೆಯ ಬ್ರಷ್ಷು, ಫ್ಲೋರೈಡ್ ಇರುವ ಪೇಸ್ಟು, ದಿನಕ್ಕೆರಡು ಸಲ ಎರಡೆರಡು ನಿಮಿಷ ಸಾಕು. ಆ ಎರಡು ನಿಮಿಷವನ್ನು ಗಡಿಯಾರ ನೋಡಿ ಉಜ್ಜಿದವರೆಷ್ಟು ಮಂದಿ?

ಕೈ ಸೋತವರ ಮಾತು ಬೇರೆ. ನಮ್ಮೊಡನೆ ಓದಿದ ಹಿರಿಯರೊಬ್ಬರಿಗೆ ಪಾರ್ಶ್ವವಾಯುವಿನಿಂದ ಬಲಗೈ ಸ್ವಾಧೀನ ತಪ್ಪಿತ್ತು. ಎಡಗೈಯಿಂದ ಉಜ್ಜಲಾರರು, ಸೊಸೆಯ ಮುಂದೆ ಬಾಯಿ ತೆರೆಯಲು ನಾಚಿಕೆ. ವಸಡಿನಿಂದ ರಕ್ತ ಒಸರುತ್ತಿದ್ದರೂ ಯಾರಿಗೂ ಹೇಳಿರಲಿಲ್ಲ. ನಮಗೆ ಬಂದ ಬ್ರಷ್ಷನ್ನು ಅವರಿಗೆ ಕೊಟ್ಟೆವು. ಮೊದಲ ದಿನ ಅಭ್ಯಾಸಬಲದಿಂದ ಗಸಗಸ ತಿಕ್ಕಿ, ನೊರೆಯೆಲ್ಲ ಅಂಗಿಯ ಮೇಲೆ ಚೆಲ್ಲಿಕೊಂಡರು. ತಿಕ್ಕಬಾರದು, ಒತ್ತಲೂಬಾರದು, ಒಂದೊಂದು ಹಲ್ಲಿನ ಮೇಲೂ ವಸಡಿನಂಚಿಗೆ ಸುಮ್ಮನೆ ಹಿಡಿದು ಮುಂದೆ ಸಾಗಬೇಕೆಂದು ತಿಳಿಸಿದೆವು. ದಂತವೈದ್ಯರಲ್ಲಿಗೂ ಕರೆದೊಯ್ದೆವು, ಏಕೆಂದರೆ ಕಲ್ಲಿನಂತೆ ಗಟ್ಟಿಯಾದ ಪಾಚಿ ಯಾವ ಬ್ರಷ್ಷಿಗೂ ಬಗ್ಗದು.

ಈಗ ಅವರ ವಸಡಿನ ರಕ್ತ ನಿಂತಿದೆ. ಮುಂಜಾನೆ ಯಾರ ನೆರವೂ ಇಲ್ಲದೆ ಬಚ್ಚಲಿಗೆ ಹೋಗಿ, ಬಾಗಿಲು ಮುಚ್ಚಿಕೊಂಡು, ತಾವೇ ಹಲ್ಲುಜ್ಜಿ ಬರುತ್ತಾರೆ.